ಬಳೆ ಒಡೆದ ದಿನ ತೆಗೆದ ಬಾಗಿಲು

ಯಾದಗಿರಿಯ ನಮ್ಮ ಮನೆಯ ಎದುರಿಗೆ ಒಂದು ಹಳೆಯ ವಾಡೆ ಇದೆ, ಕಲ್ಲಿನ ದೊಡ್ಡ ಮನೆ. ಅದರ ಮಾಲೀಕರು ಈಗ ಸಿಮೆಂಟು ಬೇಡ, ಹಿಂದಿನವರ ಹಾಗೆ ಗಚ್ಚಿನಲ್ಲೇ ರಿಪೇರಿ ಮಾಡಿಸೋಣ ಎಂದು ಯಾರೋ ಮುದುಕ ಗೌಂಡಿಯನ್ನು ಹುಡುಕಿ ತಂದಿದ್ದಾರೆ. ಮೊನ್ನೆ ಬೆಳಿಗ್ಗೆ ಕಿಟಕಿ ತೆಗೆದೆ. ಸುಣ್ಣಕ್ಕೆ ಬೆಲ್ಲದ ನೀರು ಬೆರೆಸಿ ನೆನೆಹಾಕಿದ ವಾಸನೆ ಒಮ್ಮೆಲೇ ಒಳಗೆ ಬಂತು. ಸಿಹಿಯೂ ಹೌದು, ಹುಳಿಯೂ ಹೌದು, ಗಂಟಲಲ್ಲಿ ಕೂತು ಸುಡುವಂಥದ್ದೂ ಹೌದು. ಬೆಳಗಿನ ತಂಪು ಗಾಳಿ ಬೇಕಿತ್ತು, ಆದರೂ ಕಿಟಕಿ ಮುಚ್ಚಿದೆ. ಅದು ಗುಮ್ಮಟದ ಮುತ್ಯಾನ ಕೈಯ ವಾಸನೆ...

ಆಗ ನಾನು ಶಹಾಪುರದಲ್ಲಿ ಹೆಣ್ಣುಮಕ್ಕಳ ಸರ್ಕಾರಿ ಹಾಸ್ಟೆಲೊಂದರ ವಾರ್ಡನ್. ಹುಡುಗಿಯರೆಲ್ಲ ನಮ್ಮವರೇ. ಅಂದರೆ ನನ್ನ ಹಾಗೆ ಊರ ಹೊರಗಿನ ಕೇರಿಗಳಲ್ಲಿ ಹುಟ್ಟಿದವರು. ನಾನು ಕೊಂಕಲ್ ಕಡೆಯವಳು. ಅಪ್ಪ ಬೇರೆಯವರ ಹೊಲದಲ್ಲಿ ದುಡಿದವನು. ಮನೆಯ ಗೋಡೆಗೆ ಒಂದೇ ಪಟ, ಬುದ್ಧನದು. ಅಪ್ಪನ ಬಾಯಲ್ಲಿ ಒಂದೇ ಮಾತು, ಯಾರ ಮುಂದೆಯೂ ತಲೆ ತಗ್ಗಿಸಬೇಡ. ತಲೆಯನ್ನೇನೋ ತಗ್ಗಿಸಲಿಲ್ಲ. ಆದರೆ ನಾಲಿಗೆಯನ್ನು ಹಿಡಿಯುವುದನ್ನು ನನಗೆ ಯಾರೂ ಕಲಿಸಲಿಲ್ಲ.

ಆ ವರ್ಷದ ಪ್ರವಾಸಕ್ಕೆ ಜಾಗ ನೋಡಿ ಬರಲು ಒಂದು ವಾರ ಮೊದಲು ನಾನೊಬ್ಬಳೇ ಹೋಗಿದ್ದೆ. ಸುರಪುರ ದಾಟಿ, ಬಂಡೆಗಳ ನಡುವಿನ ಮಣ್ಣಿನ ದಾರಿ ಹಿಡಿದರೆ ಒಂದು ತೋಟದ ಗುಮ್ಮಟ ಸಿಗುತ್ತಿತ್ತು. ಮೊಗಲರ ದಂಡು ಸುರಪುರದ ನಾಯಕರ ಮೇಲೆ ಏರಿ ಬಂದ ಕಾಲದ್ದು ಎನ್ನುತ್ತಿದ್ದರು. ಸುತ್ತ ಎತ್ತರದ ಗೋಡೆ, ಒಳಗೆ ನಾಲ್ಕು ಪಾಲು ಮಾಡಿದ ತೋಟ, ಕಲ್ಲಿನ ಕಾಲುವೆಗಳು ಬಂದು ಕೂಡುವಲ್ಲಿ ಗುಮ್ಮಟ. ತೋಟ ಎನ್ನುವುದು ಹೆಸರಿಗೆ ಮಾತ್ರ. ಕಾಲುವೆಯಲ್ಲಿ ನೀರಿನ ಬದಲು ಒಣಗಿದ ಎಲೆ, ಎಲ್ಲೆಲ್ಲೂ ಜಾಲಿಮುಳ್ಳು. ಒಂದು ಮೂಲೆಯಲ್ಲಿ ನಾಲ್ಕಾರು ದಾಳಿಂಬೆ ಗಿಡಗಳು ಹೇಗೋ ಜೀವ ಹಿಡಿದುಕೊಂಡಿದ್ದವು. ಅವಕ್ಕೆ ಕೊಡದಲ್ಲಿ ನೀರು ಹೊತ್ತು ಹಾಕುತ್ತಿದ್ದವರು ಮುತ್ಯಾ; ಅಜ್ಜನ ವಯಸ್ಸಿನವರನ್ನು ನಮ್ಮ ಕಡೆ ಹಾಗೇ ಕರೆಯುವುದು. ಕಾವಲುಗಾರರೂ ಅವರೇ, ಬಂದವರಿಗೆ ತೋರಿಸುವ ಗೈಡೂ ಅವರೇ. ತೋಟಗಾರ ಸಾಬರ ಮನೆತನ. ಅವರ ಅಜ್ಜಂದಿರು ಇದೇ ಕಾಲುವೆಗಳಿಗೆ ನೀರು ಕಟ್ಟಿದವರಂತೆ.

ಗೈಡುಗಳು ಹೇಗಿರುತ್ತಾರೆಂದು ಎಲ್ಲರಿಗೂ ಗೊತ್ತು. ಒಂದು ಗೋರಿ ಕಂಡರೆ ಸಾಕು, ಒಬ್ಬ ರಾಜಕುಮಾರಿ, ಒಂದು ವಿಷದ ಬಟ್ಟಲು ತಾವಾಗಿಯೇ ಹುಟ್ಟಿಕೊಳ್ಳುತ್ತವೆ. ಇವರು ಹಾಗಲ್ಲ. ಒಳಗೆ ಮಲಗಿದವರು ಯಾರು ಎಂದು ಕೇಳಿದೆ. "ಗೊತ್ತಿಲ್ರಿ. ಗೊತ್ತಿದ್ದವ್ರು ಯಾರೂ ಉಳದಿಲ್ಲ," ಎಂದರು. ಅಷ್ಟೇ. ಸುಳ್ಳು ಹೇಳಿ ನನ್ನನ್ನು ಖುಷಿಪಡಿಸಬೇಕೆಂಬ ಆಸೆಯೇ ಆ ಮನುಷ್ಯನಿಗಿರಲಿಲ್ಲ. ನನಗೆ ಅದು ಬಹಳ ಹಿಡಿಸಿತು.

ಆಮೇಲೆ ಅವರು ನನಗೆ ಬಿರುಕು ತೋರಿಸಿದರು. ಗುಮ್ಮಟದ ಒಳಗೆ, ಒಂದು ಕಮಾನಿನ ನೆತ್ತಿಯಿಂದ ನೆಲದವರೆಗೆ ಅದು ಇಳಿದಿತ್ತು. ಅದರ ಉದ್ದಕ್ಕೂ, ಮೊಳಕ್ಕೊಂದರಂತೆ, ಗಾಜಿನ ಬಳೆಯ ಚೂರುಗಳನ್ನು ಅಡ್ಡ ಇಟ್ಟು ಎರಡೂ ತುದಿಗೆ ಗಚ್ಚು ಮೆತ್ತಿದ್ದರು. ಹಸಿರು, ಕೆಂಪು, ನೀಲಿ. ತಮ್ಮ ಹೆಂಡತಿಯ ಕೈಯಲ್ಲಿ ಒಡೆದ ಬಳೆಗಳು ಎಂದರು. ಯಾಕೆ ಎಂದು ಕೇಳಿದೆ.

"ಗ್ವಾಡಿ ಕುಂತಲ್ಲೇ ಕುಂತದೋ, ನಡಿಯಾಕತ್ತದೋ, ಕಣ್ಣಿಗಿ ಕಾಣಂಗಿಲ್ರಿ. ಬಳಿಗಿ ತಿಳೀತದ. ಗಾಜಿಗಿ ಮುಲಾಜಿಲ್ಲ ನೋಡ್ರಿ, ಕೂದಲೆಳಿಯಷ್ಟು ಸರದ್ರೂ ಒಡೀತದ."

ದಿನಾ ಬೆಳಿಗ್ಗೆ ಬಂದು ಒಂದೊಂದೇ ಬಳೆಯನ್ನು ನೋಡಿ, ಎಲ್ಲ ನೆಟ್ಟಗಿದ್ದರೆ ಮಾತ್ರ ಬಾಗಿಲು ತೆಗೆಯುತ್ತಿದ್ದರು. ಒಂದು ಒಡೆದಿದ್ದರೂ ಆ ದಿನ ಯಾರಿಗೂ ಒಳಗೆ ಪ್ರವೇಶವಿಲ್ಲ. ಗುಡ್ಡದ ಆಚೆ ಕಲ್ಲಿನ ಗಣಿಯಲ್ಲಿ ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಮದ್ದು ಸಿಡಿಸುತ್ತಿದ್ದರು. ಆ ಹೊತ್ತಿಗಂತೂ ಗುಮ್ಮಟದಲ್ಲಿ ಯಾರನ್ನೂ ಬಿಡುತ್ತಿರಲಿಲ್ಲ. ಅವರು ಹೇಳುತ್ತಿದ್ದಾಗ ಮೇಲೆ ಪಾರಿವಾಳಗಳ ಗುಟುರು ಕಿವಿ ತುಂಬುತ್ತಿತ್ತು. ಎಂಥ ಜಾಣ ಮುದುಕ ಎಂದುಕೊಂಡು ನಗುತ್ತಲೇ ವಾಪಸಾದೆ.

ಪ್ರವಾಸದ ದಿನ ಟೆಂಪೋದ ಮುಂದೆ ಹಾಸ್ಟೆಲಿನ ಹೆಸರಿನ ಬ್ಯಾನರು ಕಟ್ಟಿಸಿದ್ದೆ. ಯಾವ ಜಾತಿಯ ಮಕ್ಕಳ ಹಾಸ್ಟೆಲು ಎಂಬುದು ಆ ಹೆಸರಿನಲ್ಲೇ ಇರುತ್ತದೆ. ನಾನು ಹೆಮ್ಮೆಯಿಂದಲೇ ಕಟ್ಟಿಸಿದ್ದು. ದಾರಿಯಲ್ಲಿ ಒಂದು ಹೋಟೆಲಿನ ಮುಂದೆ ಚಹಕ್ಕೆ ನಿಲ್ಲಿಸಿದೆವು. ಒಳಗೆ ಕೂತವರೆಲ್ಲ ಗಾಜಿನ ಲೋಟದಲ್ಲಿ ಕುಡಿಯುತ್ತಿದ್ದರು. ಮಾಲೀಕ ಎದ್ದು ಬಂದು ಬ್ಯಾನರು ಓದಿದ, ಒಳಗೆ ಹೋದ. ನಮಗೆ ಚಹ ಹೊರಗೇ ಬಂತು, ಕಾಗದದ ಕಪ್ಪಿನಲ್ಲಿ. ಹುಡುಗಿಯರು ಕುಡಿದರು. ಅವರಿಗೆ ಅರ್ಥವಾಗಲಿಲ್ಲ ಎಂದು ನಾನು ಅಂದುಕೊಂಡೆ. ಪ್ರವಾಸ ಕೆಡುವುದು ಬೇಡವೆಂದು, ಜನ್ಮದಲ್ಲಿ ಒಮ್ಮೆ, ನಾನು ನಾಲಿಗೆ ಕಚ್ಚಿಕೊಂಡು ಸುಮ್ಮನಿದ್ದೆ. ಅಲ್ಲಿ ಆಡಬೇಕಾದ ಮಾತನ್ನು ಅಲ್ಲೇ ಆಡಿದ್ದರೆ...

ಗುಮ್ಮಟದ ಹತ್ತಿರ ಬಂದಾಗ ಹನ್ನೊಂದು ದಾಟಿತ್ತು. ಪೇಟೆಯ ಅಂಗಡಿಕಾರರ ಕುಟುಂಬವೊಂದು ಒಳಗಿನಿಂದ ಹೊರಗೆ ಬರುತ್ತಿತ್ತು. ಅವರ ಯಜಮಾನ ಹುಡುಗಿಯರ ಕಡೆ ನೋಡಿದ, ಮುತ್ಯಾನ ಕಿವಿಯ ಹತ್ತಿರ ಬಾಗಿ ಏನೋ ಹೇಳಿದ, ಹೆಂಡತಿ ಮಕ್ಕಳನ್ನು ಅವಸರದಿಂದ ಕಾರಿಗೆ ಹತ್ತಿಸಿದ. ಮುತ್ಯಾ ಗುಮ್ಮಟದೊಳಗೆ ಹೋಗಿ ಬಂದರು. ಬಂದವರೇ ಕದ ಎಳೆದು ಕೀಲಿ ಹಾಕಿದರು.

"ಇವತ್ತ ಒಳಗ ಬ್ಯಾಡ್ರಿ ಮೇಡಮ್ಮೋರ. ತ್ವಾಟದಾಗ ಕುಂದರ್ರಿ."

ನನ್ನ ಮೈಯೆಲ್ಲ ಉರಿಯಿತು. "ಈಗ ಹೊರಗ ಬಂದೋರಿಗಿ ಬ್ಯಾಡ ಇರಲಿಲ್ಲೇನು?" ಎಂದೆ.

ಬೆಳಿಗ್ಗೆ ಎಲ್ಲ ಬಳೆಗಳೂ ನೆಟ್ಟಗಿದ್ದವು, ಆ ಮಕ್ಕಳು ಒಳಗೆ ಕಿರುಚಾಡುವಾಗ ಯಜಮಾನನ ತಲೆಯ ಮೇಲೆ ಗಚ್ಚು ಉದುರಿತು, ಈಗ ಹೋಗಿ ನೋಡಿದರೆ ನೆತ್ತಿಯ ಕೆಳಗಿನ ಹಸಿರು ಬಳೆ ಒಡೆದಿದೆ ಎಂದು ಅವರು ಸಮಾಧಾನದಿಂದಲೇ ಹೇಳಿದರು. ಎಲ್ಲವೂ ಕಿವಿಗೆ ಬಿತ್ತು, ಒಂದೂ ತಲೆಗೆ ಹೋಗಲಿಲ್ಲ. ನಮ್ಮನ್ನು ಹೊಸ್ತಿಲಲ್ಲಿ ನಿಲ್ಲಿಸುವವರು ಯಾವತ್ತೂ ಒಂದು ಒಳ್ಳೆಯ ಕಾರಣವನ್ನು ಜೇಬಿನಲ್ಲಿ ಇಟ್ಟುಕೊಂಡೇ ಇರುತ್ತಾರೆ ಎಂಬುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತಾರಲ್ಲ, ಹೋಟೆಲಿನವನ ಮೇಲಿನ ಸಿಟ್ಟೆಲ್ಲ ಆ ಮುದುಕನ ಮೇಲೆ ಹೋಯಿತು.

"ಬಳಿ ನೀವೇ ಒಡದಿರಬೇಕು," ಎಂದೆ. "ನಮ್ಮ ಹುಡುಗ್ಯಾರು ಹ್ವಾದ್ರ ನಿಮ್ಮ ಗೋರಿ ಮೈಲಿಗಿ ಆಗ್ತದ, ಹೌದಿಲ್ಲೋ?"

ಹುಡುಗಿಯರೆಲ್ಲ ನನ್ನ ಹಿಂದೆಯೇ ನಿಂತಿದ್ದರು. ಮುತ್ಯಾ ನನ್ನನ್ನು ನೋಡಲಿಲ್ಲ, ಅವರನ್ನು ನೋಡಿದರು. ಒಬ್ಬೊಬ್ಬರ ಮುಖವನ್ನೂ ನೋಡಿದರು. ಆ ಮುಖಗಳಲ್ಲಿ ಏನು ಕಂಡರೋ... ಹುಡುಗಿಯರಿಗೆ ಕಪ್ಪಿನ ವಿಷಯ ಅರ್ಥವಾಗಿತ್ತು ಎಂದು ನನಗೆ ಹೊಳೆದದ್ದು ಆಗ. ಅವರು ಸೊಂಟದಿಂದ ಕೀಲಿಕೈ ತೆಗೆದರು. "ಬರ್ರಿ ಬೇಟಿ," ಎಂದರು. "ಸಪ್ಪಳ ಮಾಡಬ್ಯಾಡ್ರಿ. ಹನ್ನೆರಡರೊಳಗ ಎಲ್ಲಾರೂ ಹೊರಗ."

ಆರಾರು ಜನರನ್ನು ಬಿಟ್ಟರು. ಮೊದಲ ಗುಂಪನ್ನು ತಾವೇ ಕೈ ಹಿಡಿದು, ಬಿರುಕಿಗೆ ಎದುರಿನ ಗೋಡೆಯ ಪಕ್ಕದಿಂದ ನಡೆಸಿ, ಪಿಸುಮಾತಿನಲ್ಲಿ ಕಮಾನು, ಜಾಲಂಧ್ರ, ಕಲ್ಲಿನಲ್ಲಿ ಕೊರೆದ ಹೂವು ತೋರಿಸಿದರು. ಆಮೇಲೆ ಹೋಗಿ ಬಿರುಕಿನ ಕೆಳಗೆ ನೆಟ್ಟಗೆ ನಿಂತರು, ಮುಖ ಮೇಲೆತ್ತಿ. ಹುಡುಗಿಯರು ಬಂದರು, ಹೋದರು, ಅವರು ಆ ಜಾಗ ಬಿಡಲಿಲ್ಲ. ನಾನು ಕೊನೆಗೆ ಹೋದೆ. ಒಳಗೆ ತಂಪಿತ್ತು, ಆದರೆ ಎಲ್ಲೂ ಒಂದೂ ಪಾರಿವಾಳ ಇರಲಿಲ್ಲ. ನೆಲದ ಮೇಲೆ ಹಿಕ್ಕೆ ಮಾತ್ರ. ಅವು ಎಲ್ಲಿ ಹೋದವು ಎಂದು ಕೇಳುವ ಮನಸ್ಸು ಬಂದರೂ ಕೇಳಲಿಲ್ಲ, ಮಾತಾಡಿದರೆ ಸೋತಂತೆ ಅನಿಸಿತು. ಅದರ ಬದಲು ಎರಡು ಸಲ ಜೋರಾಗಿ ಚಪ್ಪಾಳೆ ತಟ್ಟಿದೆ. ಹಟಕ್ಕೆ. ಸದ್ದು ಸುತ್ತಿ ಸುತ್ತಿ ಮೇಲೆ ಹೋಯಿತು, ಮೇಲಿನಿಂದ ಬಿಳಿ ಪುಡಿ ಅವರ ಟೋಪಿಯ ಮೇಲೆ, ಗಡ್ಡದ ಮೇಲೆ ಇಳಿಯಿತು. ಅವರು ಕಣ್ಣಿನಿಂದಲೇ ಬಾಗಿಲು ತೋರಿಸಿದರು. ಮುದುಕ ಹೆದರಿದ್ದಾನೆ ಎಂದು ಗೊತ್ತಾಯಿತು. ಯಾರ ಸಲುವಾಗಿ ಎಂದು ನಾನು ಯೋಚಿಸಲಿಲ್ಲ.

ದಾಳಿಂಬೆ ಗಿಡಗಳ ಹತ್ತಿರ ಬುತ್ತಿ ಬಿಚ್ಚಿದೆವು. ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಗಣಿಯ ಸೈರನ್ ಕೂಗಿತು. ಮುತ್ಯಾ ದೂರದಲ್ಲಿ ನಮ್ಮ ಕಡೆ ಬೆನ್ನು ಮಾಡಿ ನಿಂತಿದ್ದರು. ಮದ್ದು ಸಿಡಿದ ಸದ್ದಿಗೆ ನೆಲ ಅದುರಿತು. ಅದಾದ ಒಂದು ಕ್ಷಣಕ್ಕೆ ಗುಮ್ಮಟದೊಳಗೆ, ಯಾರೋ ಜೋಳದ ಚೀಲ ಇಳಿಸಿದ ಹಾಗೆ, ಧೊಪ್ಪೆಂದು ಒಂದು ಸದ್ದು. "ದೆವ್ವ!" ಎಂದಳು ಒಬ್ಬ ಹುಡುಗಿ, ಎಲ್ಲರೂ ನಕ್ಕರು. ಮುತ್ಯಾ ಒಳಗೆ ಹೋದರು. ಹೊರಗೆ ಬರುವಾಗ ಎರಡೂ ಕೈಯಲ್ಲಿ ಒಂದು ಗಚ್ಚಿನ ಗಡ್ಡೆ ತಬ್ಬಿಕೊಂಡಿದ್ದರು, ಬೀಸುಕಲ್ಲಿನಷ್ಟು ದೊಡ್ಡದು. ಅದನ್ನು ನನ್ನ ಕಾಲ ಬಳಿ ಇಳಿಸಿದರು.

"ಹುಡುಗ್ಯಾರು ನಿಂತಿದ್ದ ಕಡಿನೇ ಬಿದ್ದದ್ರಿ. ತಪ್ಪು ನನ್ನದು. ನಾ ಬಾಗಲಾ ತೆಗೀಬಾರದಿತ್ತು."

ಆಗಲಾದರೂ ಅವರ ಕಾಲು ಹಿಡಿಯಬೇಕಿತ್ತು. ನನ್ನ ಬಾಯಿಂದ ಬಂದ ಮಾತು ಇದು: "ಹುಡುಗ್ಯಾರ ಮುಂದ ಅನಬ್ಯಾಡ್ರಿ." ಅವರು ತಲೆ ಆಡಿಸಿದರು. ಟೆಂಪೋದಲ್ಲಿ ದಾರಿಯುದ್ದಕ್ಕೂ ಹುಡುಗಿಯರು ಹಾಡಿದರು. ನಾನು ಅವರ ತಲೆಗಳನ್ನು ಮತ್ತೆ ಮತ್ತೆ ಎಣಿಸುತ್ತ ಕೂತಿದ್ದೆ.

ಮರುದಿನವೇ ಅವರು ಕೀಲಿಕೈ ಒಪ್ಪಿಸಿ ಕೆಲಸ ಬಿಟ್ಟರಂತೆ. ಅವರ ಜಾಗಕ್ಕೆ ಬೇರೊಬ್ಬ ಕಾವಲುಗಾರ ಬಂದ, ಎರಡು ಮಕ್ಕಳ ತಂದೆ. ಬಳೆಯ ಲೆಕ್ಕವನ್ನೆಲ್ಲ ಮುತ್ಯಾ ಅವನಿಗೆ ಹೇಳಿಕೊಟ್ಟಿದ್ದರು. ಅವನು ನಕ್ಕು ಹೂಂ ಎಂದಿದ್ದ. ಆ ಮಳೆಗಾಲದಲ್ಲಿ ಒಂದು ಮಧ್ಯಾಹ್ನ, ತಂಪಿಗೆಂದು ಅವನು ಗುಮ್ಮಟದೊಳಗೆ ಮಲಗಿದ್ದಾಗ, ಅರ್ಧ ಗುಮ್ಮಟ ಕುಸಿದು ಬಿತ್ತು. ಸುದ್ದಿ ತಿಳಿದು ಓಡಿ ಬಂದವರಲ್ಲಿ ಮುತ್ಯಾ ಮೊದಲಿಗರು. ಬರಿಗೈಯಲ್ಲಿ ಕಲ್ಲು ಸರಿಸಿದರಂತೆ, ಉಗುರು ಕಿತ್ತುಹೋಗುವವರೆಗೆ. ಸಿಕ್ಕಿದ್ದು ಹೆಣ.

ಹದಿನೈದು ದಿನ ತಡೆದು ನಾನು ಸುರಪುರಕ್ಕೆ ಅವರ ಮನೆಗೆ ಹೋದೆ. ಬೆರಳುಗಳಿಗೆಲ್ಲ ಬಟ್ಟೆ ಸುತ್ತಿತ್ತು. ಚಾಪೆ ಹಾಸಿ ಕೂರಿಸಿದರು. ಅವರ ಮನೆಯವರು ಚಹ ತಂದರು, ಇಬ್ಬರಿಗೂ ಒಂದೇ ಥರದ ಪಿಂಗಾಣಿ ಕಪ್ಪು-ಬಸಿಯಲ್ಲಿ. ಆ ಕಪ್ಪು ನೋಡಿ ನನಗೆ ಅಳು ಬಂತು. ಕೆಲಸ ಯಾಕೆ ಬಿಟ್ಟಿರಿ ಎಂದು ಕೇಳಿದೆ.

"ಬಳಿ ಒಡದದ್ದು ನೋಡಿನೂ ಬಾಗಲಾ ತಗದಾಂವ, ಅಂವ ಎಂಥಾ ಕಾವಲಗಾರ್ರಿ?"

"ನನ್ನ ಮಾತಿನಿಂದ ಹಿಂಗಾಯ್ತೇನ್ರಿ?" ಎಂದೆ. ಇಲ್ಲ ಎಂದಾರು ಎಂಬ ಆಸೆ ಇತ್ತು. ದೊಡ್ಡವರಲ್ಲವೇ, ಎದುರಿಗೆ ಹೆಣ್ಣುಮಗಳು ಅಳುತ್ತ ಕೂತಿದ್ದಾಳೆ, ಸುಳ್ಳಾದರೂ ಇಲ್ಲ ಎಂದಾರು.

"ಹೌದ್ರಿ," ಎಂದರು. ಬಟ್ಟೆ ಸುತ್ತಿದ ಬೆರಳಿನಿಂದ ಕಪ್ಪನ್ನು ನನ್ನ ಕಡೆ ಸರಿಸಿ, "ಚಾ ಆರ್ತದ, ಕುಡೀರಿ," ಎಂದರು.

ಕುಡಿದೆ. ಆಮೇಲೆ ನಾನು ಅಲ್ಲಿಗೆ ಹೋಗಲಿಲ್ಲ. ವರ್ಷಗಳ ನಂತರ, ಬಸ್ಸಿನಲ್ಲಿ ಪಕ್ಕ ಕೂತವರ ಬಾಯಿಂದ, ಅವರು ತೀರಿಕೊಂಡ ಸುದ್ದಿ ತಿಳಿಯಿತು. ತೀರಿಕೊಂಡು ಆಗಲೇ ಒಂದು ವರ್ಷವಾಗಿತ್ತು.

ಎದುರಿನ ವಾಡೆಯ ಕೆಲಸ ಇನ್ನೂ ಮುಗಿದಿಲ್ಲ. ನಿನ್ನೆ ಒಂದು ಫೋನ್ ಬಂತು. ಆ ಹುಡುಗಿಯರಲ್ಲಿ ಒಬ್ಬಳು, ಈಗ ಗುರುಮಠಕಲ್ ಕಡೆ ಶಾಲೆಯಲ್ಲಿ ಟೀಚರು. "ನಮ್ಮ ಸಾಲಿ ಹುಡುಗ್ಯಾರನ್ನ ಆ ಗುಮ್ಮಟಕ್ಕ ಕರ್ಕೊಂಡು ಹೋಗಬೇಕಂತ ಮಾಡೀನ್ರಿ ಮೇಡಂ. ದಾರಿ ಹೆಂಗ ಹೇಳ್ರಿ," ಎಂದಳು.

ಗುಮ್ಮಟ ಬಿದ್ದು ಬಹಳ ಕಾಲವಾಯಿತು ಎಂದು ಹೇಳಿ ಫೋನ್ ಇಡಬಹುದಿತ್ತು. ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ನಿನ್ನೆ ಅವಳಿಗೆ ಹೇಳಿದೆ. ಮುತ್ಯಾ ಒಳಗೆ ಬಿಡುವುದಿಲ್ಲ ಎಂದದ್ದು, ಅವರನ್ನು ನಾನು ಸುಳ್ಳುಗಾರ ಎಂದದ್ದು, ಹನ್ನೆರಡಕ್ಕೆ ಬಿದ್ದ ಗಡ್ಡೆ, ಸತ್ತ ಕಾವಲುಗಾರ, ಎಲ್ಲ. ನಿಮ್ಮೆಲ್ಲರ ಜೀವ ಒತ್ತೆ ಇಟ್ಟು ನಾನು ಹಟ ಗೆದ್ದೆ ಎಂದೂ ಹೇಳಿದೆ. ಅವಳು ಬೈಯಲಿ ಎಂದು ಕಾದೆ.

ಅವಳು ಬೈಯಲಿಲ್ಲ. ನಿಧಾನವಾಗಿ, "ಜಗಳ ನನಗ ನೆನಪದ ರೀ ಮೇಡಂ," ಎಂದಳು. "ನಮ್ಮ ಸಲುವಾಗಿ ಒಬ್ಬರು ಬಾಯಿ ತಗದದ್ದು ನಾವು ನೋಡಿದ್ದು ಅದೇ ಮೊದಲು. ಈಗೂ ಎಲ್ಲೆರ ನನ್ನ ಬಾಗಲದಾಗ ನಿಂದ್ರಿಸಿದ್ರ, ನಿಮ್ಮನ್ನ ನೆನಸ್ಕೊಂಡೇ ಮಾತಾಡ್ತೀನ್ರಿ."

ಅವಳ ಈ ಮಾತು ನನ್ನದೆಂದು ಇಟ್ಟುಕೊಳ್ಳಲೋ, ಆ ಕಾವಲುಗಾರನ ಮಕ್ಕಳನ್ನು ನೆನೆದು ಬಿಟ್ಟುಬಿಡಲೋ, ನಿನ್ನೆಯಿಂದ ತಿಳಿಯದಾಗಿದೆ. ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದವರು ಮುತ್ಯಾ ಒಬ್ಬರೇ ಇದ್ದರು.