ಮರಳು ಮೂಟೆಯ ಮರ್ಯಾದೆ

ಹೋದ ಭಾನುವಾರ ಅಕ್ಕನ ಊರಿಗೆ ಹೊರಟವನು ಪೆರೇಸಂದ್ರದಲ್ಲಿ ಬಸ್ಸಿಳಿದು, ಹೆದ್ದಾರಿಯ ಪಕ್ಕ ಎಳನೀರು ಕುಡಿಯುತ್ತ ನಿಂತಿದ್ದೆ. ಒಂದು ಜೀಪು ಬಂದು ನಿಂತಿತು. ಚಕ್ರಕ್ಕೂ ಮೈಗೂ ನಡುವೆ ಒಂದು ಕುರಿಮರಿ ತೂರುವಷ್ಟು ಸಂದು. ಆ ಸಂದಿನಲ್ಲಿ ಕಿತ್ತಳೆ ಬಣ್ಣದ ದಪ್ಪ ಸುರುಳಿ ಸ್ಪ್ರಿಂಗುಗಳು. ಒಳಗಿದ್ದ ಯುವಕ ಕತ್ತು ಹೊರಗೆ ಹಾಕಿ ಬಹಳ ವಿನಯದಿಂದ ಕೇಳಿದ:

"ಅಂಕಲ್, ಈ ಕಡೆ ಎಲ್ಲಾದ್ರೂ ಕೆಟ್ಟ ರೋಡ್ ಇದ್ಯಾ? ಸ್ಕಂದಗಿರಿ ಬೆಟ್ಟದ ಹತ್ರ ಜೀಪ್ ಎಗರ್ಸೋಕೆ ಹೋದ್ರೆ ತುಂಬಾ ರಶ್ಶು."

ಅರ್ಧ ಕುಡಿದ ಬುರುಡೆಯನ್ನು ಬಾಯಿಂದ ಇಳಿಸಿದೆ. ಕೆಟ್ಟ ರಸ್ತೆಯನ್ನು ವಿಳಾಸ ಕೇಳಿಕೊಂಡು ಹುಡುಕುವವರೂ ಇದ್ದಾರೆ, ನೋಡಿ! ನಾವು ಅಕ್ಕನ ಊರಿನ ಅಂಥದೇ ರಸ್ತೆಯನ್ನು ಸರಿಪಡಿಸಲು ಯಾರ ಯಾರ ಬಾಗಿಲಲ್ಲಿ ನಿಂತೆವು ಎಂಬುದು ನೆನಪಾಗಿ ಮೈಯೆಲ್ಲ ಉರಿದುಹೋಯಿತು.

ನಾನು ಸುಲಭಕ್ಕೆ ಜಗಳ ಆಡುವವನಲ್ಲ. ಚಿಂತೆ ಮಾಡುವವನು. ಬಸ್ಸಿನಲ್ಲಿ ಕೂತರೆ ಡ್ರೈವರು ಎಚ್ಚರವಾಗಿದ್ದಾನೆಯೇ ಎಂದು ಕನ್ನಡಿಯಲ್ಲಿ ಅವನ ಕಣ್ಣು ಹುಡುಕುತ್ತೇನೆ. ಅವನು ನನ್ನನ್ನು ಗುರಾಯಿಸಿದ ಮೇಲೆಯೇ ಸಮಾಧಾನ. ಕುಡುಮಲಕುಂಟೆಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಷ್ಟು ಕಾಲವೂ ನನ್ನ ಸಿಟ್ಟು ಹೊಟ್ಟೆಯಲ್ಲಿ ಆಮ್ಲವಾಯಿತೇ ಹೊರತು ಮಾತಾಗಲಿಲ್ಲ. ಆದರೆ ಅಕ್ಕನ ಊರಿನ ರಸ್ತೆಯ ವಿಷಯ ಬಂದರೆ ಮಾತ್ರ ನಾನು ಬೇರೆ ಮನುಷ್ಯ.

ಎರಡು ಸಾವಿರದ ಇಸವಿ ಕಳೆದು ನಾಲ್ಕಾರು ವರ್ಷವಾಗಿತ್ತು. ಹೆದ್ದಾರಿಯನ್ನು ಅಗಲ ಮಾಡಲು ಜಲ್ಲಿ ಬೇಕಾಯಿತು, ಜಲ್ಲಿಗೆ ಗುಡ್ಡ ಬೇಕಾಯಿತು, ಆ ಗುಡ್ಡ ನಮ್ಮಕ್ಕನ ಊರಿನ ಹಿಂದೆ ಇತ್ತು. ಹಗಲೆಲ್ಲ ಟಿಪ್ಪರುಗಳು ಓಡಾಡಿದವು. ದೊಡ್ಡವರ ರಸ್ತೆ ನುಣ್ಣಗಾಗುತ್ತ ಬಂದಂತೆ ಊರಿನ ರಸ್ತೆ ಹಳ್ಳವಾಯಿತು. ಇದನ್ನು ಅಭಿವೃದ್ಧಿ ಎಂದು ಕರೆಯಬೇಕೆಂದು ನಮಗೆ ಹೇಳಿದರು.

ಅಕ್ಕ ರೇಷ್ಮೆ ಹುಳು ಸಾಕುತ್ತಿದ್ದಳು. ಅವಳ ಗೂಡುಗಳನ್ನೂ ಅಕ್ಕಪಕ್ಕದ ಮನೆಯವರ ಗೂಡುಗಳನ್ನೂ ಭಾವ ತನ್ನ ಪಿಕಪ್ ಗಾಡಿಯಲ್ಲಿ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಸಾಗಿಸುತ್ತಿದ್ದ. ಗೂಡೊಳಗೆ ಜೀವಂತ ಹುಳು ಇರುತ್ತದೆ. ಗಾಡಿ ಹೆಚ್ಚು ಕುಲುಕಿದರೆ ಹುಳು ಒಡೆದು ಗೂಡಿಗೆ ಕಲೆ ಹತ್ತುತ್ತದೆ. ಕಲೆ ಹತ್ತಿದ ಗೂಡನ್ನು ಕೊಳ್ಳುವವರು ಮೂಸಿಯೂ ನೋಡುವುದಿಲ್ಲ. ತಿಂಗಳಿಡೀ ನಿದ್ದೆಗೆಟ್ಟು ಸೊಪ್ಪು ಹಾಕಿದ್ದು ಹೆದ್ದಾರಿ ಮುಟ್ಟುವ ಮೊದಲೇ ಹಾಳು.

ಭಾವ ಇದಕ್ಕೆ ಕಂಡುಕೊಂಡ ಪರಿಹಾರ ಗಾಡಿಯನ್ನು ಬಲಪಡಿಸುವುದು. ಚಿಂತಾಮಣಿಗೆ ಹೋಗಿ ಎರಡು ದಿನ ಗ್ಯಾರೇಜಿನಲ್ಲೇ ಉಳಿದು ಬಂದ. ಹಿಂದಿನ ಚಕ್ರಗಳ ಮೇಲೆ ಒಂದರ ಮೇಲೊಂದು ಕಟ್ಟಿರುವ, ಭಾರಕ್ಕೆ ತಗ್ಗಿ ಕುಲುಕು ನುಂಗುವ ಬಾಗಿದ ಕಬ್ಬಿಣದ ಪಟ್ಟಿಗಳಿಗೆ ನಮ್ಮಲ್ಲಿ ಬ್ಲೇಡು ಎನ್ನುತ್ತಾರೆ. ಭಾವ ಗಾಡಿಯ ಕೆಳಗೆ ಮಲಗಿ ನನ್ನನ್ನೂ ಮಲಗಿಸಿಕೊಂಡು ತೋರಿಸಿದ.

"ಎರಡೂ ಕಡೆ ಬ್ಲೇಡ್ ಎಕ್ಸ್‌ಟ್ರಾ ಏರ್ಸಿದೀನಿ ಕಣಪ್ಪಾ. ಇನ್ನು ಈ ರೋಡು ಏನ್ ಮಾಡ್ಕೊಂತೈತೋ ನೋಡಣ."

"ಸ್ಟೇರಿಂಗ್ ರಾಡು, ಭಾವ? ಅದು ಮುರಿದ್ರೆ ಒಂದು ಚಕ್ರ ಆ ಕಡೆ, ಒಂದು ಚಕ್ರ ಈ ಕಡೆ..."

"ಅದನ್ನೂ ದಪ್ಪಂದೇ ಹಾಕ್ಸಿದೀನಿ. ನೀನು ಮುರಿಯೋದು ನೋಡ್ಬೇಕಂತ ಕಾಯ್ತಿದ್ರೆ ಸುಮ್ನೆ ಎದ್ದು ಒಳಕ್ ಹೋಗು."

ಗಾಡಿಯೇನೋ ಗಟ್ಟಿಯಾಯಿತು, ಆದರೆ ಗೂಡಿಗೆ ಭಾರವೆಲ್ಲಿದೆ? ಆ ಹಗುರಕ್ಕೆ ಬ್ಲೇಡು ಬಾಗಲೊಲ್ಲದು. ಹಳ್ಳ ಬಂದಾಗಲೆಲ್ಲ ಗಾಡಿ ಮೊಲದ ಹಾಗೆ ಎಗರಿತು. ಕಲೆ ಮೊದಲಿಗಿಂತ ಹೆಚ್ಚಾಯಿತು. ಅಕ್ಕ ಬುಟ್ಟಿಯನ್ನು ಭಾವನ ಮುಂದೆ ಇಟ್ಟು, "ಗಾಡಿಗೆ ಮೂಳೆ ಗಟ್ಟಿ ಮಾಡ್ಸಿದ್ರಲ್ಲ, ಒಳಗಿರೋ ಹುಳಕ್ಕೆ ಯಾವ್ ಬ್ಲೇಡು ಹಾಕ್ಸ್ತೀರಾ?" ಎಂದಳು.

ಅರ್ಜಿ ಹಿಡಿದು ಕಚೇರಿ ಕಚೇರಿ ಸುತ್ತಿದ ಅಕ್ಕನ ಓಡಾಟದಿಂದಲೇ ಕೊನೆಗೊಂದು ದಿನ ಸರ್ಕಾರಿ ಎಂಜಿನಿಯರು ರಸ್ತೆ ನೋಡಲು ಬಂದರು. ಅವರ ಜೀಪಿನ ಡ್ರೈವರು ಹೆದ್ದಾರಿಯ ಅಂಚಿಗೆ ಬಂದವನೇ, "ಇದ್ರೊಳಕ್ಕೆ ಇಳ್ಸಲ್ಲ ಸಾರ್, ಆಕ್ಸೆಲ್ ಹೋಗ್ತದೆ" ಎಂದುಬಿಟ್ಟ. ಅಯ್ಯಾ, ಇನ್ನೇನು ನೋಡುವುದಿತ್ತು! ಅಲ್ಲಿಯೇ ಬರೆದುಕೊಂಡು ಹಿಂತಿರುಗಿದ್ದರೆ ಸಾಕಿತ್ತು. ಆದರೆ ನಮ್ಮ ಕಡೆ ಬಂದವರನ್ನು ಹಾಗೆ ಕಳಿಸುವುದುಂಟೇ? ಭಾವ ತನ್ನ ಗಾಡಿ ತರಲು ಓಡಿದ. ದೊಡ್ಡ ಮನುಷ್ಯರ ಸೊಂಟ ಉಳುಕಬಾರದೆಂದು ಹಿಂದೆ ಮರಳು ಮೂಟೆಗಳನ್ನು ಪೇರಿಸಿದ. ಭಾರಕ್ಕೆ ಬ್ಲೇಡು ತಗ್ಗಿ ಗಾಡಿ ತೊಟ್ಟಿಲಾಯಿತು. ನಾನೋ, ಸೀಟಿಗೆ ದಿಂಬು ತಂದಿಟ್ಟೆ. ಯಾರೋ ಎಂಜಿನಿಯರ ಕೈಗೆ ಮಜ್ಜಿಗೆ ಲೋಟ ಇತ್ತರು. ಎತ್ತಿನ ಗಾಡಿಯ ವೇಗದಲ್ಲಿ, ಹಳ್ಳ ತಪ್ಪಿಸಿ ತಪ್ಪಿಸಿ, ಭಾವ ಅವರನ್ನು ಊರಿಗೆ ಕರೆತಂದ. ಇಳಿಯುವಾಗಲೂ ಮಜ್ಜಿಗೆ ಲೋಟದಲ್ಲೇ ಇತ್ತು.

ಎಂಜಿನಿಯರು ಅದನ್ನು ಗಟಗಟ ಕುಡಿದು, "ರೋಡು ಪರವಾಗಿಲ್ವಲ್ಲ" ಎಂದರು.

ಹಾಗೆಯೇ ಬರೆದೂ ಬರೆದರು. ಆ ವರ್ಷ ಡಾಂಬರು ಬೇರೆ ಊರಿಗೆ ಹೋಯಿತು. ಅಕ್ಕ ಭಾವನ ಗಾಡಿ ಹತ್ತುವುದನ್ನೇ ಬಿಟ್ಟಳು. ಗೂಡಿನ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಹೆದ್ದಾರಿಯವರೆಗೆ ನಡೆದೇ ಹೋಗುತ್ತಿದ್ದಳು. ಪಕ್ಕದಲ್ಲಿ ಭಾವ ಖಾಲಿ ಗಾಡಿಯನ್ನು ಕುಪ್ಪಳಿಸಿಕೊಂಡು, "ಹತ್ತೇ, ಹತ್ತೇ ಮಾರಾಯ್ತಿ" ಎಂದು ಗೋಗರೆಯುತ್ತ ಬರುತ್ತಿದ್ದ. "ಆ ಸಾಹೇಬ್ರನ್ನ ಹತ್ತಿಸ್ಕೊಳ್ಳಿ" ಎನ್ನುವಳು ಅವಳು, ತಿರುಗಿಯೂ ನೋಡದೆ. ಮುಂದೆ ಎಂದೋ ಡಾಂಬರು ಬಂತು. ಟಿಪ್ಪರುಗಳು ಅದನ್ನೂ ತಿಂದವು. ನನ್ನ ಸಿಟ್ಟೆಲ್ಲ ಆ ಎಂಜಿನಿಯರ ಮೇಲೆ. ರಸ್ತೆಯ ಮೇಲೆ ಹೋದ ಮನುಷ್ಯನಿಗೆ ರಸ್ತೆ ತಿಳಿಯಲಿಲ್ಲವೆಂದರೆ ಅದೆಂಥ ಮೈ, ಅದೆಂಥ ಓದು ಎಂದು ಇಷ್ಟು ವರ್ಷ ಬೈದುಕೊಂಡೇ ಬಂದಿದ್ದೇನೆ.

"ಇದೆಯಪ್ಪಾ ಕೆಟ್ಟ ರೋಡು, ನಮ್ಮದೇ ಇದೆ" ಎಂದೆ ಜೀಪಿನ ಯುವಕನಿಗೆ, ಹಲ್ಲು ಕಚ್ಚಿಕೊಂಡು.

"ಸೂಪರ್ ಅಂಕಲ್! ಹತ್ತಿ, ನೀವೇ ತೋರ್ಸಿ."

ಎಳನೀರಿನ ಬುರುಡೆಯನ್ನು ಕೈಯಲ್ಲೇ ಹಿಡಿದು ಹತ್ತಿದೆ. ಇವನ ಬೆನ್ನು ಒಂದು ಸಲ ಮುರಿಯಲಿ, ಆಗ ಗೊತ್ತಾಗುತ್ತದೆ ಎಂಬ ಆಸೆ. ಯುವಕ ತನ್ನ ಸ್ಪ್ರಿಂಗಿನ ಗುಣಗಾನ ಮಾಡುತ್ತ ಓಡಿಸಿದ. ಕಿಟಕಿಯಲ್ಲಿ ಹಿಪ್ಪುನೇರಳೆ ತೋಟಗಳು ಮೆಲ್ಲಗೆ ತೂಗಿದವು. ಊರಿನ ಅರ್ಧ ದಾರಿ ಬಂದಿದ್ದೆವು. ಬುರುಡೆಯೊಳಗಿನ ನೀರು ಅಂಚು ದಾಟಿರಲಿಲ್ಲ. ಸೀಟು ಮೆತ್ತಗಿತ್ತು, ಗಾಳಿ ತಣ್ಣಗಿತ್ತು, ನನ್ನ ಬಾಯಿ ತನ್ನಷ್ಟಕ್ಕೆ ತಾನೇ ಅಂದಿತು:

"ರೋಡು ಪರವಾಗಿಲ್ವಲ್ಲ."

ಯಾರೋ ಹಿಂದಿನ ಸೀಟಿನಲ್ಲಿ ಕೂತು ಹೇಳಿದಂತಾಯಿತು. ತಿರುಗಿ ನೋಡಿದೆ, ಸೀಟು ಖಾಲಿ. ಅಂದವನು ನಾನೇ.

"ನಿಲ್ಸಪ್ಪಾ, ನಾನು ಇಲ್ಲೇ ಇಳೀತೀನಿ."

"ಯಾಕಂಕಲ್, ಊರು ಇನ್ನೂ ಮುಂದಿದೆ?"

"ಗೊತ್ತು ಕಣಪ್ಪಾ."

ಜೀಪು ಧೂಳೆಬ್ಬಿಸಿ ಹೋಯಿತು. ಎರಡು ಹೆಜ್ಜೆ ಇಟ್ಟೆನೋ ಇಲ್ಲವೋ, ಜಲ್ಲಿಕಲ್ಲೊಂದು ಚಪ್ಪಲಿಯನ್ನು ತೂರಿ ಅಂಗಾಲಿಗೆ ಚುಚ್ಚಿತು. ಬುರುಡೆಯ ನೀರು ಅಂಗಿಯ ಮೇಲೆ ಚೆಲ್ಲಿತು. ಹೆತ್ತವ್ವನನ್ನು ಕೂಗಿಕೊಂಡೆ. ಆಮೇಲೆ, ಅಕ್ಕ ಬುಟ್ಟಿ ಹೊತ್ತು ನಡೆಯುತ್ತಿದ್ದ ಅಂಚನ್ನೇ ಹಿಡಿದು ಕುಂಟುತ್ತ ಊರಿನ ಕಡೆ ಹೊರಟೆ.