ಎರಡೂ ದೀಪ ಹಸಿರು

ಮದ್ದೂರು ಕಡೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಬಾಯ್ಲರಿನ ಕಂಟ್ರೋಲ್ ಪ್ಯಾನೆಲ್ ನೋಡಿಕೊಳ್ಳುವ ಗುತ್ತಿಗೆ ನನ್ನದಾಗಿತ್ತು. ಮೋಟರ್ ವೈಂಡಿಂಗ್ ಮಾಡುತ್ತಾ ಮೇಲೆ ಬಂದವನು. ಚೌಕಾಸಿಯಲ್ಲಿ ಯಾರಿಗೂ ಬಗ್ಗಿದವನಲ್ಲ.

ಬಾಯ್ಲರಿಗೆ ಎರಡು ಕಂಟ್ರೋಲರ್. ಒಂದು ದುಡಿಯುತ್ತದೆ, ಇನ್ನೊಂದು ಅದರದ್ದನ್ನೆಲ್ಲ ಕ್ಷಣಕ್ಷಣವೂ ನಕಲು ಮಾಡಿಕೊಳ್ಳುತ್ತಾ ಕಾಯುತ್ತದೆ. ಮೊದಲನೆಯದು ಕೈಕೊಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ಎರಡನೆಯದು ಹೊಣೆ ಹೊರುತ್ತದೆ. ಎರಡನ್ನೂ ಆರಿಸಿ ಮತ್ತೆ ಹಾಕುವಾಗ ಮಾತ್ರ ಎಚ್ಚರ ಬೇಕು: ಮೊದಲು ಎದ್ದದ್ದೇ ಯಜಮಾನ, ಇನ್ನೊಂದು ತನ್ನೊಳಗಿನ ಪ್ರೋಗ್ರಾಂ ಅಳಿಸಿ ಅದರದ್ದನ್ನು ಬರೆದುಕೊಳ್ಳುತ್ತದೆ.

ಆ ವರ್ಷ ನೀರಿನ ಮಟ್ಟಕ್ಕೆ ಹೊಸ ಮಾಪಕ ಹಾಕಿ, ಎಡಗಡೆಯ ಕಂಟ್ರೋಲರಿನಲ್ಲಿ ಪ್ರೋಗ್ರಾಂ ತಿದ್ದಿದ್ದೆ. ನಡುವಿನ ಕೇಬಲ್ ಸಡಿಲವಾಗಿ ಬಲಗಡೆಯದರ ದೀಪ ಹಳದಿಯಾಗಿತ್ತು, ಅಂದರೆ ನಕಲು ನಿಂತಿತ್ತು. ಕಬ್ಬು ಅರೆಯುವ ಕಾಲ, ಆಮೇಲೆ ನೋಡೋಣ ಎಂದು ಬಿಟ್ಟೆ.

ಆಯುಧಪೂಜೆಗೆ ಎಲ್ಲ ಆರಿಸಿ ಒರೆಸಿದೆವು. ಕೇಬಲನ್ನು ಗಟ್ಟಿಯಾಗಿ ಕೂರಿಸಿದೆ. ಕುಂಕುಮ ಇಟ್ಟು, ಶುಭಕ್ಕೆ ಬಲಗಡೆಯಿಂದಲೇ ಆಗಲಿ ಎಂದು ಬಲಗಡೆಯ ಸ್ವಿಚ್ ಮೊದಲು ಒತ್ತಿದವನೂ ನಾನೇ. ಸ್ವಲ್ಪ ಹೊತ್ತಿಗೆ ಎರಡೂ ದೀಪ ಹಸಿರಾದವು. ಮ್ಯಾನೇಜರ್ ಮುಂದೆ ಬೀಗಿದೆ.

ಮೂರನೆಯ ದಿನ ಬಾಯ್ಲರ್ ನೋಡಿಕೊಳ್ಳುತ್ತಿದ್ದ, ನಾನು ಅಣ್ಣ ಎನ್ನುತ್ತಿದ್ದ ದುದ್ದದ ಕಡೆಯ ಹಿರಿಯರೊಬ್ಬರು ಕೈಯಾರೆ ಬೆಂಕಿ ನಿಲ್ಲಿಸಿದರು. ಕಾರ್ಖಾನೆಯೇ ನಿಂತಿತು. ಮ್ಯಾನೇಜರ್ ಓಡಿ ಬರುವಷ್ಟರಲ್ಲಿ ಅವರು ಓಡಿಸಿದ ಪಂಪು ನೀರು ತುಂಬಿಸಿತ್ತು, ಮಟ್ಟ ತೋರಿಸುವ ಗಾಜಿನ ಕೊಳವೆಯಲ್ಲಿ ನೀರು ಮತ್ತೆ ಮೇಲೇರಿತ್ತು.

"ಸ್ಕ್ರೀನಲ್ಲಿ ನೀರು ಸರಿಯಾಗೇ ಇತ್ತಲ್ರೀ, ಕನಸು ಬಿತ್ತಾ?"

"ಗಾಜಿನ ಕೊಳವೇಲಿ ನೀರು ತಳ ಕಂಡಿತ್ತು ಸಾಮಿ. ಸುಮ್ಕಿದ್ದಿದ್ರೆ ಬೈಯಕ್ಕೆ ನೀವೂ ಇರ್ತಿರ್ನಿಲ್ಲ, ಬೈಸ್ಕೊಳಕ್ಕೆ ನಾನೂ ಇರ್ತಿರ್ನಿಲ್ಲ."

ಅವರನ್ನು ಅಮಾನತು ಮಾಡಿದರು. ಮಂಡ್ಯದಲ್ಲಿ ಕಣ್ಣು ಪರೀಕ್ಷೆ ಮಾಡಿಸಿಕೊಂಡು ಬರಬೇಕು, ಮಂದವೆಂದು ಬಂದರೆ ಕೆಲಸ ಹೋದಂತೆ.

ಅವತ್ತು ಸಂಜೆಯೇ ಲ್ಯಾಪ್‌ಟಾಪ್ ಜೋಡಿಸಿ ನೋಡಿದೆ. ಎರಡರಲ್ಲೂ ಹಳೆಯ ಪ್ರೋಗ್ರಾಂ: ಪೂಜೆಯ ದಿನ ಮೊದಲು ಎದ್ದ ಬಲಗಡೆಯದು ಎಡಗಡೆಯ ತಿದ್ದುಪಡಿಯನ್ನು ಅಳಿಸಿಬಿಟ್ಟಿತ್ತು. ಹೊಸ ಮಾಪಕಕ್ಕೆ ಅದು ಹೊಂದದೆ, ಇದ್ದದ್ದಕ್ಕಿಂತ ಹೆಚ್ಚು ನೀರು ತೋರಿಸುತ್ತಿತ್ತು. ಒಂದು ತಪ್ಪಿದರೆ ಇನ್ನೊಂದಿದೆ ಎಂದು ನಂಬುತ್ತೇವೆ. ಎರಡೂ ಒಂದೇ ತಪ್ಪು ಕಲಿತಿದ್ದವು. ಸದ್ದಿಲ್ಲದೆ ತಿದ್ದಿದೆ. ಆ ವಾರವೇ ನನ್ನ ಗುತ್ತಿಗೆ ಮುಂದುವರಿಕೆಗೆ ಸಹಿ ಬೀಳುವುದಿತ್ತು. ಸಹಿ ಆಗಲಿ, ಆಮೇಲೆ ಹೇಳಿದರೆ ಇಬ್ಬರೂ ಉಳಿಯುತ್ತೇವೆ ಎಂದುಕೊಂಡೆ.

ಮೂರು ದಿನ ಬಿಟ್ಟು ಅಣ್ಣನ ಫೋನ್ ಬಂತು. "ಲೋ, ನಂಗೇ ಅನ್ಮಾನ ಬಂದದೆ ಕಣ್ಲಾ. ನೀರು ಇತ್ತೇನೋ, ನನ್ ಕಣ್ಗೇ ಕಾಣ್ನಿಲ್ವೇನೋ."

ಆ ಮಾತಿನ ಮುಂದೆ ನನ್ನ ಚೌಕಾಸಿ ನಿಲ್ಲಲಿಲ್ಲ. ಮ್ಯಾನೇಜರಿಗೆ ಎಲ್ಲ ಬರೆದುಕೊಟ್ಟೆ. ಗುತ್ತಿಗೆ ಬೇರೆಯವರ ಪಾಲಾಯಿತು.

ಈ ಕೆಲಸದಲ್ಲಿರುವವರು ನನ್ನಿಂದ ಇಷ್ಟು ಕಲಿಯಲಿ: ಆರಿಸುವ ಮೊದಲು ಸರಿಯಾದದ್ದು ಯಾವುದೆಂದು ಚೀಟಿ ಅಂಟಿಸಿ, ಅದನ್ನೇ ಮೊದಲು ಹಾಕಿ. ಹಸಿರು ದೀಪ ಎರಡೂ ಒಂದೇ ಎನ್ನುತ್ತದೆ, ಸರಿ ಎನ್ನುವುದಿಲ್ಲ.

ಅಣ್ಣ ಕೆಲಸಕ್ಕೆ ಮರಳಿದ ದಿನ ಗೇಟಿನ ಬಳಿ ಕಾದಿದ್ದೆ. ಸೈಕಲ್ ನಿಲ್ಲಿಸಿದರು.

"ಆವತ್ತು ಸಂಜೇನೇ ಗೊತ್ತಾಗಿತ್ತಾ ನಿಂಗೆ?"

"ಊಂ ಅಣ್ಣ."

"ಮೂರ್ ದಿನ ನನ್ ಕಣ್ಣ ನಾನೇ ಬೈಕೊಂಡೆ ಕಣ್ಲಾ," ಎಂದು ಒಳಗೆ ಹೋದರು.