ಕಡೆಗೆ ಉಣ್ಣುವವಳು

ನನ್ನ ಹೆಂಡತಿ ದಾಕ್ಷಾಯಿಣಿಗೆ ಅರವತ್ತೊಂದು ಎಂದರೆ ಯಾರೂ ನಂಬುವುದಿಲ್ಲ. ಸಣಕಲು ಮೈ, ಚುರುಕು ಕೈ, ಅದಕ್ಕಿಂತ ಚುರುಕು ನಾಲಿಗೆ. ನಾನು ಶಂಭುಲಿಂಗ, ಮಾಳಮಡ್ಡಿಯ ಸಾಲೆಯೊಂದರಲ್ಲಿ ಮೂವತ್ತು ವರ್ಷ ಚಿತ್ರಕಲೆ ಕಲಿಸಿ ನಿವೃತ್ತನಾದವನು. ನನ್ನ ಹೊಟ್ಟೆ ನನಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತದೆ. ಹೀಗಾಗಿ ಕೊಲೆಸ್ಟರಾಲ್ ಎಂಬುದು ನನ್ನೊಬ್ಬನದೇ ಆಸ್ತಿ ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದೆವು.

ಹನ್ನೊಂದು ವರ್ಷದ ಹಿಂದೆ ಡಾಕ್ಟರು ನನಗೆ ಗುಳಿಗೆ ಬರೆದುಕೊಟ್ಟ ದಿನವೇ ದಾಕ್ಷಾಯಿಣಿ ಅಡುಗೆಮನೆಯಲ್ಲಿ ಕಾಯಿದೆ ಜಾರಿ ಮಾಡಿದಳು. ನನ್ನ ಹಾಲಿನ ಕೆನೆ ಹೋಯಿತು. ಬದನೆಕಾಯಿ ಪಲ್ಯದ ಪಾತ್ರೆಯನ್ನು ವಾರೆ ಮಾಡಿ, ಎಣ್ಣೆ ಬಸಿದು ನನಗೆ ಬಡಿಸುತ್ತಿದ್ದಳು. ತುಪ್ಪದ ಗಿಂಡಿಯ ಕಡೆ ಕೈ ಚಾಚಿದರೆ ಸೌಟಿನಿಂದ ಮೆಲ್ಲಗೆ ಒಂದು ಏಟು. ನಾನು ಜೇಲಿನಲ್ಲಿದ್ದವನ ಮುಖ ಮಾಡಿಕೊಂಡು ಉಂಡು ಏಳುತ್ತಿದ್ದೆ. ಬಸಿದ ಎಣ್ಣೆ, ತೆಗೆದ ಕೆನೆ ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆಯೂ ಕೇಳಲಿಲ್ಲ.

ನಮ್ಮಲ್ಲಿ ಅಡುಗೆ ಮಾಡಿದವಳು ಕಡೆಗೆ ಉಣ್ಣುತ್ತಾಳೆ. ಉಣ್ಣುವುದೆಲ್ಲ ಪ್ರಸಾದ, ಒಂದು ಅಗುಳೂ ಚೆಲ್ಲಬಾರದು. ಊಟವಾದ ಮೇಲೆ ತಾಟು ತೊಳೆದ ನೀರನ್ನೂ ಕುಡಿಯುವ ಮನೆತನ. ನಾನು, ಮಗ ವಿಶಾಲ, ಸೊಸೆ ರಜನಿ ಉಂಡೆದ್ದ ಮೇಲೆ ದಾಕ್ಷಾಯಿಣಿ ಒಲೆಯ ಬದಿಗೆ ಕುಂತು, ರೊಟ್ಟಿಯ ತುಂಡಿನಿಂದ ಪಾತ್ರೆಯ ತಳ ಒರೆಸಿ ಉಣ್ಣುತ್ತಿದ್ದಳು. ಕೆನೆಗೆ ಶೇಂಗಾ ಚಟ್ನಿಪುಡಿ ಕಲಸಿಕೊಳ್ಳುತ್ತಿದ್ದಳು. ಬೆಣ್ಣೆ ಕಾಸಿದ ದಿನ ತಳದಲ್ಲಿ ಕೆಂಪಗೆ ಉಳಿದದ್ದಕ್ಕೆ ಬೆಲ್ಲ. ಹಾಳು ಮಾಡಲಿಲ್ಲ ಎಂಬ ಸಮಾಧಾನ ಅವಳಿಗೆ.

ಕಳೆದ ವರ್ಷ ಯುಗಾದಿ ಮುಗಿದ ವಾರ ನನ್ನ ತಪಾಸಣೆಗೆ ಹೋದೆವು. ಫೈಲು ಹಿಡಿದು ಬರುವುದು ಯಾವಾಗಲೂ ಅವಳ ಕೆಲಸ. ದವಾಖಾನೆಯ ಮೆಟ್ಟಿಲು ಹತ್ತುವಾಗ ನಡುವೆಯೇ ಗೋಡೆ ಹಿಡಿದು ನಿಂತಳು, ಇನ್ನೊಂದು ಕೈ ದವಡೆಯ ಮೇಲೆ.

"ಏನಾತು, ಮುದುಕಿ ಆದೇನು?" ಎಂದೆ.

"ಹಲ್ಲು ನೋಯಾಕತ್ತೈತ್ರಿ. ಮೆಟ್ಟಿಲ ಹತ್ತಿದಾಗಷ್ಟ ನೋಯ್ತೈತಿ. ನಿಂತ್ರ ಹೋಗತೈತಿ."

ನಾನು ನಕ್ಕೆ. ಒಳಗೆ ಈ ಮಾತನ್ನು ನಗೆಚಾಟಿಕೆಯಂತೆ ಹೇಳಿದಾಗ ಡಾಕ್ಟರ್ ನೀಲಾ ನಗಲಿಲ್ಲ. ನನ್ನ ಫೈಲನ್ನು ಆಚೆ ಸರಿಸಿ, "ಅಕ್ಕಾರ, ಆ ಮಂಚದ ಮ್ಯಾಲೆ ಮಲಕೊಳ್ರಿ" ಎಂದು ಇಸಿಜಿ ಮಾಡಿಸಿದರು. ಇಬ್ಬರ ರಕ್ತವನ್ನೂ ತೆಗೆಸಿದರು.

ಮರುದಿನ ಬಂದ ರಿಪೋರ್ಟಿನಲ್ಲಿ ನನ್ನದು ಚೊಕ್ಕ. ಅವಳ ಕೆಟ್ಟ ಕೊಲೆಸ್ಟರಾಲ್ ನೂರಾ ತೊಂಬತ್ತು ದಾಟಿತ್ತು. ಹೆಸರು ಅದಲುಬದಲು ಮಾಡಿದ್ದೀರಿ ಎಂದು ನಾನು ಲ್ಯಾಬಿಗೆ ಹೋಗಿ ಜಗಳ ತೆಗೆದೆ. ಅವರು ಪಾಪ, ಮತ್ತೊಮ್ಮೆ ರಕ್ತ ತೆಗೆದು ನೋಡಿದರು. ಅಂಕಿ ಕದಲಲಿಲ್ಲ. ಸಿಟ್ಟೆಂದು ನಾನು ತಿಳಿದದ್ದು ಬರೀ ಹೆದರಿಕೆ. ಅವಳಿಲ್ಲದ ಮನೆಯನ್ನು ಅಂದು ಮೊದಲ ಸಲ ನೆನೆಸಿಕೊಂಡೆ.

ಇನ್ನೆರಡು ಪರೀಕ್ಷೆಗಳಾದ ಮೇಲೆ ಡಾಕ್ಟರ್ ಬಿಡಿಸಿ ಹೇಳಿದರು. ಹೃದಯದ ಒಂದು ರಕ್ತನಾಳ ಕಿರಿದಾಗಿತ್ತು. ದವಡೆಯ ನೋವು ಹಲ್ಲಿನದಲ್ಲ, ಹೃದಯದ್ದು. ಸದ್ಯ ಆಪರೇಶನ್ ಬೇಡ, ಆದರೆ ಗುಳಿಗೆ, ಊಟ, ನಡಿಗೆ ಮೂರರಲ್ಲೂ ಸಡಿಲು ಬಿಡುವಂತಿಲ್ಲ.

"ಇಂಥಾ ತೆಳ್ಳನ ಮೈಯಾಗ ಹೆಂಗ್ರೀ?" ಎಂದೆ.

"ತೆಳ್ಳಗ ಅದಾರಂತ ಅದು ಬಿಡೂದಿಲ್ರಿ ಸರ್. ಮುಟ್ಟು ನಿಂತ ಮ್ಯಾಲೆ ಹೆಣ್ಣಮಕ್ಕಳಿಗೆ ಇದು ಏರತೈತಿ. ವಯಸ್ಸಾದಂಗ ಲಿವರ್ ಮೊದಲಿನಂಗ ಇದನ್ನ ತೆಗೆದು ಹಾಕೂದಿಲ್ಲ. ಅಕ್ಕಾರ, ದಿನಾ ಏನ್ ಉಣ್ತೀರಿ?"

ದಾಕ್ಷಾಯಿಣಿ ಒಂದನ್ನೂ ಮುಚ್ಚಿಡದೆ ಹೇಳಿದಳು. ಕೆನೆಯ ಮಾತಿಗೆ ಬಂದಾಗ ಡಾಕ್ಟರ್ ಬರೆಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಹನ್ನೊಂದು ವರ್ಷ ನನ್ನ ತಾಟಿನಿಂದ ತೆಗೆದದ್ದೆಲ್ಲ ಅವಳ ಹೊಟ್ಟೆ ಸೇರಿತ್ತು.

ಮನೆಗೆ ಬಂದು ನಾನೇ ಕೆನೆಯ ಬಟ್ಟಲನ್ನು ಬಚ್ಚಲಿಗೆ ಒಯ್ಯುತ್ತಿದ್ದರೆ ತಡೆದಳು. ಚೆಲ್ಲುವುದು ಅವಳ ಕೈಲಿ ಆಗುವ ಕೆಲಸವಲ್ಲ. ಬಟ್ಟಲು ಪಕ್ಕದ ಮನೆಯ ಮಾಬೂಬಿಯ ಮೊಮ್ಮಕ್ಕಳಿಗೆ ಹೋಯಿತು. ಮೂರನೇ ದಿನ ದಾಕ್ಷಾಯಿಣಿ ರೊಟ್ಟಿ ಬಡಿಯುತ್ತಲೇ ತೀರ್ಪು ಕೊಟ್ಟಳು.

"ಚೆಲ್ಲೂದಿಲ್ಲ. ಉಳಿಯೂವಂಗ ಮಾಡೂದೂ ಇಲ್ಲ. ಇವತ್ತಿಂದ ಎಲ್ಲಾರೂ ಕೂಡೇ ಉಣ್ಣೂದು. ನಾನೂ ಕುಂಡ್ರತೇನಿ."

ಕೆನೆ ಕಟ್ಟದ ತೆಳು ಹಾಲು ಬಂತು. ವಾರದ ಎಣ್ಣೆ ಅಳೆದು ಒಂದೇ ಬಾಟಲಿಗೆ ತುಂಬಿದಳು, ಅದು ಮುಗಿದರೆ ಮುಗಿಯಿತು. ಅಂದು ನಲವತ್ತು ವರ್ಷದಲ್ಲಿ ಮೊದಲ ಸಲ ಅವಳು ನನ್ನ ಪಕ್ಕದಲ್ಲಿ ಕುಂತು ಬಿಸಿ ರೊಟ್ಟಿ ಉಂಡಳು. ಸಂಕೋಚಕ್ಕೆ ತಲೆ ಎತ್ತಲಿಲ್ಲ, ಆದರೆ ಎದ್ದೂ ಹೋಗಲಿಲ್ಲ.

ದಿನಾ ಬೆಳಿಗ್ಗೆ ನಡೆಯಲು ಕಾಲೇಜಿನ ಮೈದಾನಕ್ಕೆ ಹೋಗತೊಡಗಿದೆವು. ಮೊದಲು ಒಂದು ಸುತ್ತಿಗೆ ಎರಡು ಸಲ ನಿಂತಳು. ದೀಪಾವಳಿಯ ಹೊತ್ತಿಗೆ ನಾಲ್ಕು ಸುತ್ತು ಆಗಿ, ಏದುಸಿರು ಬಿಡುವ ಪಾಳಿ ನನ್ನದಾಗಿತ್ತು. ಮುಂದಿನ ರಿಪೋರ್ಟಿನಲ್ಲಿ ಅವಳ ಅಂಕಿ ಅರ್ಧಕ್ಕೆ ಇಳಿದಿತ್ತು. ಗುಳಿಗೆ ಬಿಡಬಹುದೇ ಎಂದು ನಾನೇ ಜಾಣತನ ತೋರಿಸಿದೆ. "ಗುಳಿಗಿ ತಗೊಂಡಿದ್ದಕ್ಕ ಇಳದೈತ್ರಿ, ಬಿಟ್ರ ಮತ್ತ ಏರತೈತಿ" ಎಂದು ಡಾಕ್ಟರಿಗಿಂತ ಮೊದಲು ದಾಕ್ಷಾಯಿಣಿಯೇ ನನ್ನ ಬಾಯಿ ಮುಚ್ಚಿಸಿದಳು.

ಹೋದ ರವಿವಾರ ಬೆಂಗೇರಿಯಿಂದ ಬೀಗರು ಬಂದಿದ್ದರು. ಹೋಳಿಗೆ, ತುಪ್ಪ, ಗದ್ದಲ. ಅವರು ಹೋದ ಮೇಲೆ ನೀರು ಕುಡಿಯಲು ನಾನೂ ದಾಕ್ಷಾಯಿಣಿಯೂ ಅಡುಗೆಮನೆಗೆ ಹೋದರೆ, ಎಲ್ಲರಿಗೂ ಬಡಿಸಿ ತಾನು ಉಣ್ಣದೆ ಉಳಿದಿದ್ದ ರಜನಿ ಒಲೆಯ ಬದಿಗೆ ಕುಂತು ಹೋಳಿಗೆಯ ತುಂಡಿನಿಂದ ತುಪ್ಪದ ಪಾತ್ರೆಯ ತಳ ಒರೆಸುತ್ತಿದ್ದಳು. ದಾಕ್ಷಾಯಿಣಿ ಬಾಗಿಲಲ್ಲೇ ನಿಂತಳು.

"ಇಷ್ಟ ಉಳದಿತ್ರಿ ಅತ್ತೀ. ಹಾಳು ಮಾಡೂದ್ಯಾಕಂತ..." ಎಂದಳು ರಜನಿ.

ದಾಕ್ಷಾಯಿಣಿ ಪಾತ್ರೆಯನ್ನು ಅವಳ ಕೈಯಿಂದ ತಗೊಂಡಳು. ಉಳಿದ ತುಪ್ಪವನ್ನು ನಾಳೆ ಎಲ್ಲರಿಗೆಂದು ಡಬ್ಬಿಗೆ ಬಗ್ಗಿಸಿ ಮುಚ್ಚಳ ಹಾಕಿದಳು.

"ನಾನೂ ಹಿಂಗ ಅಂತಿದ್ದೆ. ಇದು ನನ್ನಿಂದ ನಿನಗ ಬರೂ ಆಸ್ತಿ ಅಲ್ಲವ್ವಾ. ಏಳು, ತಾಟ ತಗೊಂಡು ಹೊರಗ ಬಾ. ನಾ ನಿನಗ ಬಡಿಸ್ತೇನಿ."

ಅತ್ತೆ ಸೊಸೆ ಹೊರಗೆ ಹೋದರು. ಪಾತ್ರೆ ಅಲ್ಲೇ ಉಳಿದಿತ್ತು. ನಾನು ಅಂಗಿಯ ತೋಳು ಏರಿಸಿ ನಲ್ಲಿಯ ಕೆಳಗೆ ಹಿಡಿದು ತಿಕ್ಕತೊಡಗಿದೆ. ತಳದ ಜಿಡ್ಡು ಹೋಗಬೇಕಾದರೆ ಎಷ್ಟು ಹೊತ್ತು ತಿಕ್ಕಬೇಕು ಎಂಬುದು ಅರವತ್ತಾರನೇ ವಯಸ್ಸಿಗೆ ನನಗೆ ಗೊತ್ತಾಯಿತು.